ಹರವಿಯ ಬುಡದ ತಂಪು

ಮಾನ್ವಿ
ಮಧ್ಯಾಹ್ನ ಒಂದು ಗಂಟೆ

ವಹೀದ್ ಚಾಚಾ ಅವರಿಗೆ, ನಿಮ್ಮ ಬಾಡಿಗೆ ಮನೆಯ ಮಲ್ಲಿಕಾ ಮಾಡುವ ನಮಸ್ಕಾರ.

ಬೆಳಗಿನಿಂದ ಕರೆಂಟ್ ಇಲ್ಲದೆ ಫೋನ್ ಆಫ್ ಆಗಿದೆ. ಅದಕ್ಕೇ ಪಕ್ಕದ ಮನೆಯ ತಿಮ್ಮವ್ವನ ಕೈಯಲ್ಲಿ ಈ ಚೀಟಿ ಕಳಿಸುತ್ತಿದ್ದೇನೆ. ಹಿತ್ತಲ ಬಾಗಿಲಿಗೆ ಹೊರಗಿನಿಂದ ನಿಮ್ಮ ಬೀಗವಿದೆ. ದಯವಿಟ್ಟು ಅದರ ಕೀಲಿ ತೆಗೆದುಕೊಂಡು ಈಗಲೇ ಬನ್ನಿ.

ಮುಂಬಾಗಿಲ ಪಕ್ಕ ಒಳಗಡೆ ನೀರಿನ ಹರವಿಯ ಕೆಳಗೆ ಒದ್ದೆ ಮರಳು ಹಾಕಿದ್ದೆ. ಈ ಬಿಸಿಲಿಗೆ ತಂಪು ಹುಡುಕಿಕೊಂಡು ಬಂದ ಹುಳವೊಂದು ಅಲ್ಲಿ ಸುತ್ತಿಕೊಂಡು ಮಲಗಿದೆ. ಅದರ ಹೆಸರು ಬರೆಯಲು ಭಯವಾಗುತ್ತದೆ. ಹೆಡೆ ಇರುವ ಜಾತಿ. ಅದನ್ನು ದಾಟಿ ಹೊರಗೆ ಬರಲಾರೆ. “ಸಪ್ಪಳ ಮಾಡಬ್ಯಾಡ ಯವ್ವಾ, ಎದ್ದು ನಿನ್ನ ಕಡೀಗೆ ಬಂದೀತು” ಎಂದು ತಿಮ್ಮವ್ವ ಕಿಟಕಿಯಿಂದ ಪಿಸುಗುಟ್ಟಿದಳು.

ನಮ್ಮನೆಯವರು ಶಕ್ತಿನಗರಕ್ಕೆ ಡ್ಯೂಟಿಗೆ ಹೋಗಿದ್ದಾರೆ. ಕಿಟಕಿಯ ಸರಳಿನಲ್ಲಿ ಚೀಟಿ ತೂರುತ್ತದೆ, ನನ್ನ ಕೂಸು ತೂರುವುದಿಲ್ಲ.

ಮರಳು ಒಣಗಿದರೆ ಹುಳ ಬೇರೆ ತಂಪು ಹುಡುಕುತ್ತದೆ. ಈ ತಗಡಿನ ಮನೆಯಲ್ಲಿ ಇನ್ನೊಂದು ತಂಪು ಜಾಗವೆಂದರೆ ಒದ್ದೆ ಸೀರೆ ಸುತ್ತಿ ನಾನು ಎತ್ತಿಕೊಂಡಿರುವ ಕೂಸು. ಅದಕ್ಕೇ ದೂರದಿಂದ ಮರಳಿಗೆ ನೀರು ಚೆಲ್ಲುತ್ತಿದ್ದೇನೆ.

ಬಕೆಟ್ಟಿನಲ್ಲಿ ಎರಡು ತಂಬಿಗೆ ನೀರು ಉಳಿದಿದೆ. ಒಂದು ಕೂಸಿಗೆ, ಒಂದು ಹುಳಕ್ಕೆ. ಅಷ್ಟರೊಳಗೆ ಬನ್ನಿ ಚಾಚಾ.

ಇಂತಿ,
ಮಲ್ಲಿಕಾ