ಹವಳದ ಬಣ್ಣ ಹವಳದ್ದಲ್ಲ

ಇಳಕಲ್ಲ
೧೪ ಜುಲೈ ೧೯೯೮

ಪ್ರೀತಿಯ ಅವ್ವಗೆ, ನಿನ್ನ ಮಹೇಶ್ವರಿಯ ನಮಸ್ಕಾರ.

ತಮ್ಮ ಬಸವಂತನ ಕೈಯಲ್ಲಿ ನೀನು ಕಳಿಸಿದ ಹವಳದ ಮಣಿಯನ್ನು ಕೂಸು ನಂದಾಳ ಕೈಗೆ ಕರಿದಾರದಲ್ಲಿ ಪೋಣಿಸಿ ಕಟ್ಟಿದ್ದೇನೆ. ದಾರ ಹರಿದು ಮಣಿ ಎಲ್ಲಿ ಬಾಯಿಗೆ ಹೋದೀತೋ ಎಂದು ಮತ್ತೆ ಮತ್ತೆ ಎಳೆದು ನೋಡುತ್ತೇನೆ. ಅತ್ತೆ ನಗುತ್ತಾರೆ: “ಜಗ್ಗಿ ಜಗ್ಗಿ ನೀನ ಹರೀತಿ ನೋಡವಾ.”

ಪಂಚಮಿಗೆ ನನ್ನನ್ನೂ ಕೂಸನ್ನೂ ಕರೆದುಕೊಂಡು ಬರಲು ಬಸವಂತನನ್ನು ಮತ್ತೆ ಕಳಿಸುತ್ತೇನೆಂದು ಬರೆದಿದ್ದೀಯ. ಬರುತ್ತೇನೋ ಇಲ್ಲವೋ ಎನ್ನುವುದು ಈಗ ನಿನ್ನ ಕೈಯಲ್ಲಿದೆ. ಯಾಕೆಂದು ಹೇಳುವ ಮೊದಲು ನಾನೊಮ್ಮೆ ಸಮುದ್ರಕ್ಕೆ ಹೋಗಿ ಬರಬೇಕಾಗಿದೆ. ಇವಳ ತಲೆ ಕೆಟ್ಟಿತು ಎನ್ನಬೇಡ, ಓದು.

ಹೋದ ವಾರ ಇವರು ಮಗ್ಗದಲ್ಲಿ ಕೂತು ಧಾರವಾಡ ರೇಡಿಯೋ ಹಚ್ಚಿದ್ದರು. ಯಾರೋ ಹವಳದ ಬಗ್ಗೆ ಮಾತಾಡುತ್ತಿದ್ದರು. ನಾನು ಟ್ರಂಕಿನಿಂದ ನನ್ನ ಬಿ.ಎಸ್ಸಿ. ಪುಸ್ತಕ ತೆಗೆದೆ. ಹವಳ ಕಲ್ಲಲ್ಲ, ಗಿಡವೂ ಅಲ್ಲ. ಸಣ್ಣ ಸಣ್ಣ ಜೀವಿಗಳು ಒಂದಕ್ಕೊಂದು ಅಂಟಿಕೊಂಡು ತಮ್ಮ ಕೆಳಗೆ ಸುಣ್ಣದ ಗೂಡು ಕಟ್ಟುತ್ತವೆ. ಗೂಡಿನ ಮೇಲೆ ಗೂಡು ಕೂತು ಸಮುದ್ರದಲ್ಲಿ ದಿಬ್ಬಗಳೇ ಎದ್ದಿವೆ. ಇಷ್ಟು ನೆನಪಿತ್ತು. ಮರೆತಿದ್ದು ಏನೆಂದರೆ, ಆ ಜೀವಿಯ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸ ಮಾಡುತ್ತದೆ. ನಮ್ಮ ಬಾದಾಮಿಯ ಅಗಸ್ತ್ಯ ತೀರ್ಥದ ಪಾವಟಿಗೆಯ ಮೇಲೆ ನೀನು ಜಾರಿ, ಅರಿವೆ ಬುಟ್ಟಿ ಸಮೇತ ನೀರಿಗೆ ಬಿದ್ದು ಬೈದೆಯಲ್ಲ, ಆ ಪಾಚಿಯ ದೂರದ ಬೀಗರು ಅನ್ನು. ಬಿಸಿಲಿನಲ್ಲಿ ಅಡುಗೆ ಮಾಡುವುದು ಪಾಚಿ. ಮಾಡಿದ್ದರಲ್ಲಿ ಬಹುಪಾಲು ಹವಳಕ್ಕೆ. ಆ ಊಟದ ಬಲದಿಂದಲೇ ಹವಳ ಅಷ್ಟೊಂದು ಸುಣ್ಣ ಕಟ್ಟುವುದು. ಅಲೆಗೆ ಮುರಿದ ಚೂರುಗಳನ್ನು ಗಾರೆ ಹಾಕಿದಂತೆ ಬೆಸೆಯುವ ಗುಲಾಬಿ ಪಾಚಿ ಇನ್ನೊಂದಿದೆ. ಹವಳದ್ದೆಂದು ನಾವು ಹೊಗಳುವ ಬಣ್ಣವೂ ಹೆಚ್ಚಾಗಿ ಒಳಗಿನ ಪಾಚಿಯದೇ. ಹಾಗಾದರೆ ದಿಬ್ಬ ಕಟ್ಟಿದವರು ಯಾರು ಅವ್ವಾ? ಹೆಸರು ಮಾತ್ರ ಹವಳದ್ದು.

ಪಾಚಿಗೇನು ಲಾಭ ಎಂದು ಇವರು ಕೇಳಿದರು. ಇರಲಿಕ್ಕೆ ಮನೆ ಸಿಗುತ್ತದೆ, ಹವಳ ಹೊರಗೆ ಚೆಲ್ಲಬೇಕಾದದ್ದೇ ಅದಕ್ಕೆ ಗೊಬ್ಬರ ಎಂದೆ. “ಮನಿ ಬಾಡಗಿ ಬದ್ಲಿ ಅಡಗಿ ಮಾಡಿ ಹಾಕತದೇನು! ಇಂಥಾ ಬಾಡಗಿಯವ್ರು ನಮಗ್ಯಾಕ ಸಿಗವಲ್ರು?” ಎಂದು ಲಾಳಿ ಎಸೆದರು.

ಈ ಬೇಸಿಗೆಯಲ್ಲಿ ಲಕ್ಷದ್ವೀಪದ ಕಡೆ ಸಮುದ್ರದ ನೀರೇ ಕಾಯಿತಂತೆ. ಆ ಕಾವಿಗೆ ಹವಳದೊಳಗಿನ ಪಾಚಿ ಹೊರಬಿದ್ದು ಹವಳವೆಲ್ಲ ಬೆಳ್ಳಗಾಗಿದೆಯಂತೆ. ಹವಳವೇ ಅದನ್ನು ಹೊರಗೆ ತಳ್ಳುತ್ತದೋ, ಪಾಚಿಯೇ ಬಿಟ್ಟು ನಡೆಯುತ್ತದೋ ಎಂದು ಪುಸ್ತಕದಲ್ಲಿ ಹುಡುಕಿದೆ, ಸಿಗಲಿಲ್ಲ. ಬಿಳುಚಿದ ಹವಳ ಸತ್ತದ್ದಲ್ಲ, ಹಸಿದದ್ದು, ನೀರು ಬೇಗ ತಂಪಾಗಿ ಪಾಚಿ ಮತ್ತೆ ಬೆಳೆದರೆ ಉಳಿಯುತ್ತದೆ ಎಂದರು ರೇಡಿಯೋದವರು. ಹಸಿದದ್ದು ಎಂಬ ಮಾತಿಗೆ ತೊಟ್ಟಿಲ ಹಗ್ಗದ ಮೇಲೆ ನನ್ನ ಕೈ ನಿಂತುಬಿಟ್ಟಿತು.

ನೀನು ಬಾಣಂತನ ಮುಗಿಸಿ ಏಪ್ರಿಲ್‌ನಲ್ಲಿ ನನ್ನನ್ನು ಗಟ್ಟಿಮುಟ್ಟಾಗಿ ಕಳಿಸಿದೆ. ಮೇ ತಿಂಗಳಲ್ಲಿ ನೆಗಡಿ-ಜ್ವರ ಎಂದು ಬರೆದೆನಲ್ಲ, ಅದು ಟೈಫಾಯ್ಡ್. ಎದೆಹಾಲು ಬತ್ತಿಹೋಯಿತು. ಡಬ್ಬಿ ಹಾಲು ನಂದಾಗೆ ಒಗ್ಗಲಿಲ್ಲ. ಕುಡಿದದ್ದೆಲ್ಲ ವಾಂತಿ, ಭೇದಿ. ದವಾಖಾನೆಯ ತಕ್ಕಡಿಯಲ್ಲಿ ಹೋದ ಸಲಕ್ಕಿಂತ ಈ ಸಲ ಹಗುರ. ಕೊನೆಗೆ ಅಳುವುದನ್ನೂ ಬಿಟ್ಟಳು. ಅಳದ ಕೂಸಿನ ಮುಂದೆ ಕೂಡುವುದನ್ನು ಹೇಗೆ ಹೇಳಲಿ? ಅಂದಿನಿಂದ ಅವಳ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುವುದೇ ನನ್ನ ನಿದ್ದೆ.

ಆಗ ಅತ್ತೆ ನನ್ನನ್ನು ಕೇಳದೆ ಗೋಡೆಯಾಚೆಯ ಸುಗರಾಳನ್ನು ಕರೆದರು. ಆಕೆಯ ಗಂಡ ಇಬ್ರಾಹಿಂಸಾಬ ಕೆಂಪುಕಲ್ಲಿನ ಕ್ವಾರಿಯಲ್ಲಿ ದುಡಿಯುತ್ತಾನೆ. ಮಗ ಹುಸೇನಪೀರ ನಂದಾಳ ಓರಗೆಯವನು. ಎದೆ ತುಂಬ ಹಾಲಿರುವ ಬಾಣಂತಿ. ನಾನು ಬೇಡ ಎಂದೆ. ಲಿಂಗ ಕಟ್ಟಿದ ಕೂಸು, ನಮ್ಮ ಅವ್ವ ಏನಂದಾಳು ಎಂದು ನಿನ್ನನ್ನು ಮುಂದೆ ಮಾಡಿದೆ. ಖರೆ ಹೇಳಬೇಕೆಂದರೆ, ನನ್ನ ಕೂಸು ಇನ್ನೊಬ್ಬಳ ತೊಡೆಯ ಮೇಲೆ ಸುಮ್ಮನಾಗುವುದನ್ನು ನಾನು ನೋಡಲಾರದಾಗಿದ್ದೆ. ಅತ್ತೆ ಇಷ್ಟೇ ಅಂದರು: “ಲಿಂಗಪ್ಪನೂ ಕೂಸಿನ ಎದಿ ಮ್ಯಾಲ ಅದಾನ. ಅದು ಹಸದದ್ದು ಅವಗ ನಿನಗಿಂತ ಮೊದಲ ಗೊತ್ತಾಗೇದ.”

ನಂದಾ ಗಟಗಟ ಕುಡಿದ ಸಪ್ಪಳ ಒಳಗಿನ ಕೋಣೆಗೂ ಕೇಳಿತು. ಕುಡಿದ ಮೇಲೆ ಅತ್ತಳು, ಅವ್ವಾ! ಗಂಟಲು ತುಂಬ ಅತ್ತಳು. ಅಂಥ ಸುಖದ ಅಳು ನಾನು ಕೇಳಿಲ್ಲ.

ಸುಗರಾ ಭಾಳ ಮಾತಿನವಳು. “ಇನ್ನ ಇವ್ರಿಬ್ರೂ ಅಣ್ಣ-ತಂಗಿ ಆದ್ರು ನೋಡ್ರಿ ಅಕ್ಕಾರ. ಒಂದ ಎದಿ ಹಾಲ ಕುಡದವ್ರ ಲಗ್ನ ನಮ್ಮೊಳಗ ಆಗೂದಿಲ್ಲ” ಎಂದಳು. “ನಿನ್ನ ಮಗನ್ನ ಅಳಿಯನ್ನ ಮಾಡ್ಕೊಳ್ಳಾಕ ಇಲ್ಲಿ ಯಾರ ಕಾದ ಕೂತಿದ್ರವಾ?” ಎಂದರು ಅತ್ತೆ. “ಹಂಗಲ್ರಿ ಅವ್ವಾರ, ದೊಡ್ಡವ ಆದಮ್ಯಾಲ ಈ ಕಳ್ಳ ತಂಗಿಗೆ ಪಂಚಮಿ ಉಂಡಿ ತರಬೇಕಲ್ಲ? ಈಗಿಂದ ಹೇಳಿ ಇಡತೇನಿ.” ದಿನಾ ಬಂದ ಕೂಡಲೇ ಅವಳ ಮೊದಲ ಮಾತು ಒಂದೇ: “ಮೊದಲ ನಿಮ್ಮ ಎದಿಗೆ ಹಚ್ಚರಿ, ಬಂದಷ್ಟ ಬರ್ಲಿ. ಆಮ್ಯಾಲ ನಾ ಅದೇನಿ.”

ಜೂನ್‌ನಲ್ಲಿ ಬಸವಂತ ನೋಡಿಹೋದ ದುಂಡು ಗಲ್ಲ ಸುಗರಾಳ ಹಾಲಿನದು. “ನಮ್ಮ ಮನೆತನದ ಹಾಲಿನ ಗುಣ” ಎಂದು ನೀನು ಹೆಮ್ಮೆಯಿಂದ ಬರೆದೆ. ಆ ಸಾಲನ್ನು ನಾನು ಯಾರಿಗೂ ಓದಿ ಹೇಳಲಿಲ್ಲ. ನೀನು ಕಳಿಸಿದ ಕೆಂಪು ಹವಳವಿದೆಯಲ್ಲ, ಅದು ದಿಬ್ಬ ಕಟ್ಟುವ ಜಾತಿಯದಲ್ಲವಂತೆ. ಬಿಸಿಲು ಮುಟ್ಟದ ಆಳದಲ್ಲಿ, ಪಾಚಿಯ ಹಂಗಿಲ್ಲದೆ ಬೆಳೆಯುತ್ತದೆ. ನಾನೂ ಆ ಜಾತಿಯವಳೆಂದು ತಿಳಿದಿದ್ದೆ.

ಈಗ ಪಂಚಮಿಯ ಮಾತು. ನಂದಾ ಸುಗರಾಳನ್ನು ಬಿಟ್ಟು ಇರಲಾರಳು. ನಾನು ಬಾದಾಮಿಗೆ ಬಂದರೆ ಆಕೆಯೂ ಹುಸೇನಪೀರನೂ ಜೊತೆಗೆ ಬರಬೇಕು. ಇಬ್ರಾಹಿಂಸಾಬ ಹೂಂ ಅಂದಿದ್ದಾನೆ. ಬಂದರೆ ಅವರು ಕೂಡುವುದು ಕಟ್ಟೆಯ ಮೇಲಲ್ಲ, ನಿನ್ನ ಪಡಸಾಲೆಯಲ್ಲಿ. ಉಣ್ಣುವುದು ನಮ್ಮ ಪಂಕ್ತಿಯಲ್ಲಿ. ಜೋಕಾಲಿಯಲ್ಲಿ ಆಕೆಯ ಸರದಿಯೂ ಇರಬೇಕು. ಆಗುವುದಿಲ್ಲವೆಂದರೆ ಹಾಗೆಯೇ ಬರೆ. ಈ ವರ್ಷ ನಾನು ಬರುವುದಿಲ್ಲ. ಸಿಟ್ಟಿನಿಂದ ಬರೆದದ್ದಲ್ಲ ಇದು, ನಿನ್ನನ್ನು ನೋಡಲು ದಿನ ಎಣಿಸುತ್ತಿದ್ದೇನೆ.

ನಿನ್ನ ಉತ್ತರದ ದಾರಿ ಕಾಯುತ್ತಿರುವ ಮಗಳು,
ಮಹೇಶ್ವರಿ

ತಾ.ಕ.: ಇದನ್ನು ಇಲ್ಲಿ ಯಾರಿಗೂ ಹೇಳಿಲ್ಲ. ನನಗೆ ಹಾಲು ಮತ್ತೆ ಬಂದಿದೆ, ಕುಪ್ಪಸ ತೊಯ್ಯುವಷ್ಟು. ಸುಗರಾ ಬರುವ ಹೊತ್ತಿಗೆ ಸೆರಗು ಬಿಗಿಯಾಗಿ ಹೊದ್ದು “ಇನ್ನೂ ಸಾಲವಲ್ದು” ಎನ್ನುತ್ತೇನೆ. ಆಕೆ ಎರಡೂ ಕೂಸುಗಳನ್ನು ತೊಡೆಯ ಮೇಲೆ ಹಾಕಿಕೊಂಡು ಗೋಡೆಗೆ ಒರಗಿ ಕೂತಾಗ ಮಾತ್ರ ನನಗೆ ನಿದ್ದೆ ಹತ್ತುತ್ತದೆ. ಹೇಳಿದರೆ ಬರುವುದನ್ನು ಬಿಟ್ಟಾಳು. ಆದ್ದರಿಂದ ಮೇಲಿನ ಪತ್ರದಲ್ಲಿ ಒಂದು ಸುಳ್ಳಿದೆ ಅವ್ವಾ: ಸುಗರಾಳನ್ನು ಬಿಟ್ಟು ಇರಲಾರದವಳು ನಂದಾ ಅಲ್ಲ.