ಹಜ್ಜಿನ ಮಾತ್ರೆ

ಮನ್ಸೂರಾ
ಗುರುವಾರ, 6 ಏಪ್ರಿಲ್ 1995

ಮುದ್ದಿನ ರಾವಿಯಾ,

ನಿನಗೂ ನಿನ್ನ ಗಂಡ ಹಮ್ದಿಗೂ ಅಲ್ಲಾಹನ ಶಾಂತಿ ಇರಲಿ. ನಿನ್ನ ಕಾಗದ ಕೈಸೇರಿ ಒಂಬತ್ತು ದಿನವಾಯಿತು. ತಡವಾಯಿತೆಂದು ಮುನಿಸಿಕೊಳ್ಳಬೇಡ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹರಿದು ಹಾಕಿದೆ. ಇನ್ನು ಹರಿಯುತ್ತ ಕೂರಲು ಪುರಸೊತ್ತಿಲ್ಲ. ಪಕ್ಕದ ಬೀದಿಯ ಫಿಕ್ರಿ ಮೇಷ್ಟ್ರು ಶನಿವಾರ ಬೆಳಿಗ್ಗೆ ಜೋರ್ಡಾನಿಗೆ ವಾಪಸು ಹೊರಟಿದ್ದಾರೆ, ಅವರ ಶಾಲೆಯೂ ನಿಮ್ಮ ಜರ್ಕಾ ಊರಿನಲ್ಲೇ ಅಂತೆ. ಇದನ್ನು ನಿನ್ನ ಕೈಗೇ ಕೊಡಬೇಕು, ಬೇರೆ ಯಾರ ಕೈಗೂ ಬೇಡ ಎಂದು ಅವರಿಂದ ಆಣೆ ಹಾಕಿಸಿಕೊಂಡಿದ್ದೇನೆ. ಅಂಚೆಗೆ ಹಾಕಿದ್ದರೆ ನೀನು ಮಕ್ಕಾ ಮುಟ್ಟಿದ ಮೇಲೆ ಬರುತ್ತಿತ್ತೇನೋ.

ನಾನು ಕ್ಷೇಮ ಎಂದು ಬರೆಯಬೇಕು, ಬರೆಯಲಾರೆ. ನಿನ್ನ ಅಜ್ಜಿ ಮಾತ್ರ ಸಂಭ್ರಮದಲ್ಲಿದ್ದಾಳೆ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹೋಗುವವರು ಬರುವವರನ್ನೆಲ್ಲ ನಿಲ್ಲಿಸಿ, "ನಮ್ಮ ರಾವಿಯಾ ಹಜ್‌ಗೆ ಹೊರಟಿದಾಳೆ ಕಣ್ರೀ. ತಾಯಿ ಮಲಗಿರೋ ಮಣ್ಣನ್ನ ಮಗಳು ನೋಡ್ಕೊಂಡು ಬರ್ತಾಳೆ" ಎಂದು ಹೇಳುತ್ತಾಳೆ. ಮೊನ್ನೆ ಮೀನು ಮಾರುವವನನ್ನೂ ಬಿಡಲಿಲ್ಲ. "ಅಜ್ಜಿ, ಇದು ಐದನೇ ಸಲ ಹೇಳ್ತಿರೋದು. ಮೀನು ತಗೊಳ್ತೀರೋ ಇಲ್ವೋ?" ಎಂದು ಅವನು ನಕ್ಕ. ಅಜ್ಜಿ ಎರಡು ಮೀನು ಹೆಚ್ಚಿಗೆ ಕೊಂಡು ಆರನೇ ಸಲ ಹೇಳಿದಳು.

ನನ್ನ ತಂಗಿ ಅತಿಯಾತ್, ನಿನ್ನನ್ನು ಹೆತ್ತವಳು, ಹಜ್‌ಗೆ ಹೋಗಿ ಅಲ್ಲೇ ತೀರಿಕೊಂಡಾಗ ನಿನಗೆ ನಾಲ್ಕು ವರ್ಷ. ಬೀದಿಯವರೆಲ್ಲ ಎಂಥ ಪುಣ್ಯವಂತೆ, ಯಾರಿಗುಂಟು ಇಂಥ ಸಾವು ಎಂದರು. ನಿನಗೂ ಅದನ್ನೇ ಹೇಳಿ ಬೆಳೆಸಿದೆವು. ನೀನು ಸಣ್ಣವಳಿದ್ದಾಗ ಗೆಳತಿಯರ ಎದುರು "ನಮ್ಮಮ್ಮ ಮಕ್ಕಾದಲ್ಲಿದಾಳೆ" ಎಂದು ಜಂಬದಿಂದ ಹೇಳುತ್ತಿದ್ದೆ. ಅದನ್ನು ಕೇಳಿದಾಗಲೆಲ್ಲ ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಈಗ ನಿನ್ನ ಕಾಗದದ ಮಾತಿಗೆ ಬರುತ್ತೇನೆ. ನೀನು ಹೀಗೆ ಬರೆದಿದ್ದೀಯ: "ದೊಡ್ಡಮ್ಮ, ಈ ಸಲ ರಂಜಾನ್‌ನಲ್ಲಿ ಒಂದು ಉಪವಾಸವೂ ತಪ್ಪಲಿಲ್ಲ ಗೊತ್ತಾ. ಮುಟ್ಟು ನಿಲ್ಲೋಕೆ ಅತ್ತೆ ಮಾತ್ರೆ ತರಿಸಿಕೊಟ್ರು. ಹಜ್ ಮುಗಿಯೋವರೆಗೂ ಒಂದು ಪಟ್ಟಿ ಮುಗಿದ ಕೂಡ್ಲೆ ಇನ್ನೊಂದು ಶುರು ಮಾಡ್ತಾ ಹೋಗ್ತೀನಿ. ನೀನು ಊರಿಗೆಲ್ಲ ಹಂಚಿದ ಮಾತ್ರೆನೇ ತಾನೆ ಇದು." ಇದಕ್ಕೆ ನಾನು ಹೆದರಲಿಲ್ಲ. ನಮ್ಮಲ್ಲಿ ರಂಜಾನ್ ಬಂತೆಂದರೆ ಔಷಧಿ ಅಂಗಡಿಯಲ್ಲಿ ಅರ್ಧ ಊರಿನ ಹೆಂಗಸರು ಇದನ್ನೇ ಕೊಳ್ಳುತ್ತಾರೆ, ಅಂಗಡಿಯವನು ಪೆಪ್ಪರಮೆಂಟಿನ ಹಾಗೆ ಕೊಡುತ್ತಾನೆ. ನಾನು ಹೆದರಿದ್ದು ಅದರ ಕೆಳಗಿನ ನಾಲ್ಕು ಸಾಲಿಗೆ. ಕಣ್ಣಿನ ಅಂಚಿನಲ್ಲಿ ಅಂಕುಡೊಂಕಾದ ಬೆಳಕಿನ ಗೆರೆ ಕುಣಿಯುತ್ತದೆ, ಅದು ಹೋದಮೇಲೆ ಅರ್ಧ ತಲೆ ಸಿಡಿಯುತ್ತದೆ, ಕಳೆದ ವಾರ ಬಲಗೈ ಜೋಮು ಹಿಡಿದು ಚಹಾದ ಲೋಟ ಬಿದ್ದು ಒಡೆಯಿತು, ಅತ್ತೆ ದೃಷ್ಟಿ ತಾಗಿದೆ ಎಂದು ಧೂಪ ಹಾಕಿದರು ಎಂದು ನೀನು ತಮಾಷೆಯ ಹಾಗೆ ಬರೆದಿದ್ದೀಯ. ರಾವಿಯಾ, ಅದು ತಮಾಷೆಯಲ್ಲ.

ಆವತ್ತೇ ಟೆಲಿಫೋನ್ ಕಚೇರಿಗೆ ಓಡಿದೆ. ನಿಮ್ಮ ಮನೆ ಮಾಲೀಕರು ನಿನ್ನನ್ನು ಕರೆಸುವಷ್ಟರಲ್ಲಿ ಮೊದಲು ನಿನ್ನ ಅತ್ತೆಯೇ ಬಂದರು. "ಇನ್ಶಿರಾಹ್ ಅವ್ರೇ, ನಿಮ್ಮ ಹುಡುಗಿಗೆ ಏನೂ ಆಗಿಲ್ಲ. ನಿಮ್ಮಂಥ ನರ್ಸುಗಳಿಗೆ ಎಲ್ಲದರಲ್ಲೂ ಕಾಯಿಲೆ ಕಾಣುತ್ತೆ" ಎಂದರು. ಆಮೇಲೆ ನೀನು ಬಂದೆ. ನಾನು ಏನು ಕೇಳಲಿ? ನಿನ್ನ ಪಕ್ಕದಲ್ಲಿ ಅವರು, ನನ್ನ ಹಿಂದೆ ಸಾಲಿನಲ್ಲಿ ಹತ್ತು ಗಂಡಸರು. "ಕಾಲು ನೋವಿದೆಯೇನೇ?" ಎಂದು ಕೇಳಿದೆ. ನೀನು ಪಕಪಕ ನಕ್ಕೆ. "ದೊಡ್ಡಮ್ಮ, ನೋವು ತಲೇಲಿ, ನೀನು ಕಾಲು ಕೇಳ್ತೀಯಲ್ಲ" ಎಂದೆ. ಅಷ್ಟರಲ್ಲಿ ಲೈನ್ ಕಡಿಯಿತು, ಆವತ್ತೂ ಆಮೇಲಿನ ದಿನಗಳಲ್ಲೂ ಮತ್ತೆ ಸಿಗಲಿಲ್ಲ. ಆ ನಗುವನ್ನು ಕಿವಿಯಲ್ಲಿ ಇಟ್ಟುಕೊಂಡೇ ಮನೆಗೆ ಬಂದೆ.

ನೀನು ತಪ್ಪು ತಿಳಿಯಬಾರದು. ಮಾತ್ರೆಯ ಮೇಲೆ ನನಗೆ ಸಿಟ್ಟಿಲ್ಲ. ಇಪ್ಪತ್ತೆಂಟು ವರ್ಷ ಕುಟುಂಬ ಯೋಜನೆಯ ಕೇಂದ್ರದಲ್ಲಿ ಅದನ್ನು ಕೊಟ್ಟವಳು ನಾನು. ಬೀದಿಯ ಹುಡುಗರು "ಮಾತ್ರೆ ಇನ್ಶಿರಾಹ್ ಬಂದ್ಲು" ಎಂದು ಕೂಗಿದಾಗಲೂ ಬೇಜಾರಾಗಲಿಲ್ಲ. ಏಳು ಹೆತ್ತ ಬಹಾನಾ ನಿನಗೆ ನೆನಪಿರಬೇಕು, ಕಾಲುವೆಯ ಆಚೆಯವಳು. ಏಳನೆಯದರಲ್ಲಿ ಸತ್ತು ಬದುಕಿದಳು. ಎಂಟನೆಯದಾದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಒಂಬತ್ತು ವರ್ಷ ನನ್ನ ಕೈಯಿಂದ ಮಾತ್ರೆ ತೆಗೆದುಕೊಂಡಳು, ಈಗ ಮೊಮ್ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಸಂತೆಗೆ ಬರುತ್ತಾಳೆ. ತಿಂಗಳು ತಿಂಗಳು ರಕ್ತ ಹೋಗಿ ಬಿಳಿಚಿಕೊಂಡಿದ್ದ ಹುಡುಗಿಯರ ಮುಖಕ್ಕೆ ಮೂರು ನಾಲ್ಕು ತಿಂಗಳಲ್ಲಿ ಬಣ್ಣ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಹೊಟ್ಟೆ ಹಿಡಿದು ನೆಲದ ಮೇಲೆ ಹೊರಳುತ್ತಿದ್ದವರು ಎದ್ದು ಶಾಲೆಗೆ ಹೋದರು. ಸಾವಿರಾರು ಹೆಂಗಸರಲ್ಲಿ ಕೆಡುಕಾಗುವುದು ಬೆರಳೆಣಿಕೆಯವರಿಗೆ. ಆ ಕೆಲವರು ಯಾರು ಎಂದು ತಿಳಿಯುವುದಕ್ಕೇ ನಮಗೆ ಒಂದು ಪ್ರಶ್ನೆಗಳ ಕಾರ್ಡು ಕೊಟ್ಟಿದ್ದರು. ಸಿಗರೇಟು ಸೇದುತ್ತೀಯಾ, ರಕ್ತದ ಒತ್ತಡ ಇದೆಯಾ, ಕಣ್ಣು ಮಂಜಾಗಿ ತಲೆನೋವು ಬರುತ್ತದೆಯಾ, ಕಾಲಿನ ಮೀನಖಂಡ ಊದಿದೆಯಾ, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿತ್ತಾ. ನಿನ್ನ ಔಷಧಿ ಅಂಗಡಿಯವನು ಇದರಲ್ಲಿ ಒಂದನ್ನಾದರೂ ಕೇಳಿದನೇ?

ಸೋಮವಾರ ನಮ್ಮ ಕೇಂದ್ರದ ಡಾಕ್ಟರ್ ಮೀರ್ವತ್ ಹತ್ತಿರ ಹೋಗಿ ನಿನ್ನ ಕಾಗದವನ್ನೇ ಮುಂದಿಟ್ಟೆ. ಅವರು ಓದಿ ನನ್ನ ಮುಖ ನೋಡಿದರು.

"ಸಿಸ್ಟರ್, ನಿಮಗೆ ನಾನು ಹೇಳ್ಬೇಕಾ? ಕಣ್ಣಿಗೆ ಹೀಗೆ ಬೆಳಕು ಬಂದು ತಲೆನೋವು ಬರೋರಿಗೆ ಈ ಮಾತ್ರೆ ಕೊಡೋ ಹಾಗಿಲ್ಲ. ಕೈ ಬೇರೆ ಜೋಮು ಹಿಡಿದಿದೆ. ಲಕ್ವ ಹೊಡೆದ್ರೆ ಏನ್ ಮಾಡ್ತೀರಾ? ಇವತ್ತೇ ನಿಲ್ಲಿಸಿ, ಅಲ್ಲೇ ಯಾರಾದ್ರೂ ಡಾಕ್ಟರಿಗೆ ತೋರಿಸ್ಲಿ."

"ಹಜ್‌ಗೆ ಬೇರೆ ಯಾವ್ದಾದ್ರೂ ಮಾತ್ರೆ ಇದೆಯಾ ಡಾಕ್ಟ್ರೇ?"

"ಒಂದೇ ಹಾರ್ಮೋನಿನದು ಇದೆ, ಮುಟ್ಟನ್ನ ಕೆಲವು ದಿನ ಮುಂದೂಡೋಕೆ. ಆದ್ರೆ ಅದನ್ನೂ ಪರೀಕ್ಷೆ ಮಾಡದೆ ಕೊಡೋಕಾಗಲ್ಲ. ಅವಳ ತಾಯಿ ಹೇಗಿದಾರೆ?"

"ತೀರ್ಕೊಂಡ್ಲು. ಹಜ್‌ನಲ್ಲಿ."

"ಏನಾಗಿತ್ತು?"

"ಇದ್ದಕ್ಕಿದ್ದ ಹಾಗೆ ಉಸಿರು ಸಿಕ್ಕಿಕೊಳ್ತಂತೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ವಯಸ್ಸು ಎಷ್ಟಿತ್ತು ಎಂದು ಕೇಳಿದರು. ಇಪ್ಪತ್ತೇಳು ಎಂದೆ. ಆಮೇಲೆ ಅವರು ಬಹಳ ಮೆಲ್ಲಗೆ ಮಾತಾಡಿದರು. ರಕ್ತ ಬೇಗ ಹೆಪ್ಪುಗಟ್ಟುವ ಗುಣ ಕೆಲವು ಮನೆಗಳಲ್ಲಿ ತಾಯಿಯಿಂದ ಮಗಳಿಗೆ ಬರುತ್ತದೆ, ಅಂಥವರು ಈ ಮಾತ್ರೆ ನುಂಗಿ ಮಕ್ಕಾವರೆಗೆ ಬಸ್ಸಿನಲ್ಲಿ ಹಗಲೂ ರಾತ್ರಿ ಕಾಲು ಮಡಿಸಿ ಕೂತರೆ, ಅದೂ ಮೂತ್ರಕ್ಕೆ ಬಸ್ಸು ನಿಲ್ಲಿಸಲು ಕೇಳಬೇಕಲ್ಲ ಎಂದು ನೀರು ಕುಡಿಯದೆ ಕೂತರೆ, ಕಾಲಿನ ಹೆಪ್ಪು ಎದೆಗೆ ಏರಬಹುದು ಎಂದರು. ಭಯ ಎಂದರೆ ಏನೆಂದು ಅರವತ್ತರ ಹತ್ತಿರ ಬಂದಮೇಲೆ ಮತ್ತೆ ಗೊತ್ತಾಯಿತು. ಹಾದಿಯಲ್ಲಿ ಬರುವಾಗ ನಿನ್ನನ್ನು ಆ ಬಸ್ಸಿನ ಕಿಟಕಿಯ ಪಕ್ಕ ಕಂಡೆ, ತಲೆ ವಾಲಿತ್ತು. ಎಲ್ಲರೂ ನೀನು ನಿದ್ದೆಹೋಗಿದ್ದೀಯ ಎಂದುಕೊಂಡಿದ್ದರು.

ನೀನು ಏನು ಹೇಳುತ್ತೀಯ ನನಗೆ ಗೊತ್ತು. ಮುಟ್ಟಾದರೆ ಕಾಬಾ ಸುತ್ತುವ ತವಾಫ್ ಮಾಡುವ ಹಾಗಿಲ್ಲ, ಅದಿಲ್ಲದೆ ಹಜ್ ಪೂರ್ತಿಯಾಗುವುದಿಲ್ಲ, "ಒಬ್ಬ ಹೆಂಗಸಿಗಾಗಿ ನಲವತ್ತು ಜನರ ಬಸ್ಸು ಕಾಯೋದಿಲ್ಲ" ಎಂದು ಬಸ್ಸಿನ ಮುಖ್ಯಸ್ಥ ಹೇಳಿದ್ದಾನೆ. ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ನೀನು ಈ ಕಾಗದ ಓದಿದ ದಿನವೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಮುಟ್ಟು ಬರುತ್ತದೆ. ಅದರ ಮುಂದಿನದು ಬರುವುದು ಸರಿಯಾಗಿ ಬಕ್ರೀದಿನ ಹೊತ್ತಿಗೆ, ತವಾಫಿನ ದಿನವೇ. ಎರಡನೆಯ ಸಲ ಎಣಿಸಿದೆ, ಆಗಲೂ ಅದೇ ದಿನ. ನಿನಗೆ ಸುಳ್ಳು ಹೇಳಲಾರೆ. ಆದರೂ ನಿಲ್ಲಿಸು. ಬಂದರೆ ಬರಲಿ. ಪ್ರವಾದಿಯವರ ಮಡದಿ ಆಯಿಷಾರಿಗೂ ಹಜ್ಜಿನ ದಾರಿಯಲ್ಲೇ ಮುಟ್ಟಾಗಿ ಅವರು ಅತ್ತರಂತಲ್ಲ, ನೀನೇ ಶಾಲೆಯಲ್ಲಿ ಓದಿದ್ದೀಯ. ತವಾಫ್ ಒಂದು ಬಿಟ್ಟು ಎಲ್ಲವನ್ನೂ ಮಾಡಬಹುದು, ಶುದ್ಧಳಾದ ಮೇಲೆ ಅದನ್ನೂ ಮಾಡಬಹುದು. ಬಸ್ಸು ಹೋದರೆ ಹಮ್ದಿ ನಿನ್ನ ಜೊತೆ ನಾಲ್ಕು ದಿನ ಉಳಿಯಲಿ. ಉಳಿಯಲಾರೆ ಎಂದರೆ ಈ ವರ್ಷ ಹೋಗಬೇಡ. ಕಾಬಾ ಎಲ್ಲಿಗೂ ಹೋಗುವುದಿಲ್ಲ.

ಮಗು ಹಜ್ಜಿನ ನಂತರ ಎಂದು ನೀವಿಬ್ಬರೂ ತೀರ್ಮಾನ ಮಾಡಿದ್ದೀರಿ, ಒಳ್ಳೆಯದು. ಅದಕ್ಕೆ ಕಾಪರ್-ಟಿ ಇದೆ, ಬೇರೆ ದಾರಿಗಳಿವೆ, ಲೇಡಿ ಡಾಕ್ಟರನ್ನು ಕೇಳು. ಕೇಳುವಾಗ ನಾಚಬೇಡ. ತಲೆನೋವಿನದನ್ನೂ ಕೈಯದನ್ನೂ ತಾಯಿಯದನ್ನೂ ಒಂದೂ ಬಿಡದೆ ಹೇಳು. ಈ ಮಧ್ಯೆ ಕಾಲು ಊದಿ ಬಿಸಿಯಾದರೆ, ಎದೆ ಚುಚ್ಚಿದರೆ, ಉಸಿರು ಸಾಲದಾದರೆ, ಮಾತು ತೊದಲಿದರೆ ಧೂಪಕ್ಕೆ ಕಾಯಬೇಡ, ಅತ್ತೆಯನ್ನು ಕೇಳಬೇಡ, ಚಪ್ಪಲಿ ಮೆಟ್ಟಿಕೊಂಡು ಆಸ್ಪತ್ರೆಗೆ ನಡೆ. ಹಮ್ದಿಗೆ ಈ ಕಾಗದ ಓದಿ ಹೇಳು, ಅವನು ಒಳ್ಳೆಯವನು. ನಿನ್ನ ಅತ್ತೆಯೂ ಕೆಟ್ಟವರಲ್ಲ, ಸೊಸೆಯ ಹಜ್ ಕೆಡಬಾರದು ಎಂದು ಪ್ರೀತಿಯಿಂದಲೇ ತರಿಸಿಕೊಟ್ಟಿದ್ದಾರೆ. ಪ್ರೀತಿಯಿಂದ ಕೊಡುವುದನ್ನು ಯಾರೂ ಪ್ರಶ್ನೆ ಕೇಳಿ ಕೊಡುವುದಿಲ್ಲ.

ನಿಲ್ಲಿಸಿದೆ ಎಂಬ ಒಂದು ಮಾತು ನನಗೆ ಬೇಕು. ಫಿಕ್ರಿ ಮೇಷ್ಟ್ರ ಹತ್ತಿರ ಹೇಳಿಬಿಡು, ಅವರು ಮನೆಗೆ ಫೋನು ಮಾಡುವಾಗ ತಿಳಿಸುತ್ತಾರೆ. ಅಲ್ಲಿಯವರೆಗೆ ಬಾಗಿಲು ಬಡಿದ ಸದ್ದಾದರೆ ಸಾಕು, ಎದ್ದು ಓಡುತ್ತೇನೆ. ದೇವರು ನಿನ್ನ ನೆತ್ತಿ ಕಾಯಲಿ. ನಿನ್ನ ಮಡಿಲು ತುಂಬಲಿ, ತಲೆಗೂದಲು ನರೆಯುವವರೆಗೆ ಬಾಳು.

ನಿನ್ನ ದೊಡ್ಡಮ್ಮ
ಇನ್ಶಿರಾಹ್

ತಾ.ಕ.: ಮೂರು ಸಲ ಹರಿದದ್ದು ಈ ಕೆಳಗಿನದನ್ನು ಬರೆಯಲಾರದೆ. ನಾನು ಹೆದರುವ ಮುದುಕಿ ಎಂದು ನೀನು ಈ ಕಾಗದವನ್ನು ಮಡಿಸಿಟ್ಟು ಸಂಜೆ ಮತ್ತೆ ಮಾತ್ರೆ ನುಂಗಿಬಿಡಬಹುದು. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನಮ್ಮನಿಗೆ ಹಜ್ಜಿಗೆಂದು ಮಾತ್ರೆ ಕೊಟ್ಟವಳು ನಾನೇ. ಎರಡು ತಿಂಗಳು ಮೊದಲೇ ನಮ್ಮ ಕೇಂದ್ರದಿಂದ ತಂದು ಅವಳ ಚೀಲದಲ್ಲಿಟ್ಟೆ. ಆಗಿನವು ಇಂದಿನದಕ್ಕಿಂತ ಬಲವಾದ ಮಾತ್ರೆಗಳು. ಊರಿನ ಹೆಂಗಸರಿಗೆಲ್ಲ ಓದಿ ಹೇಳುತ್ತಿದ್ದ ಕಾರ್ಡನ್ನು ಅವಳಿಗೆ ಓದಲಿಲ್ಲ. ಒಡಹುಟ್ಟಿದವಳು, ಅವಳ ಬಗ್ಗೆ ನನಗೆ ತಿಳಿಯದ್ದು ಏನಿದೆ ಎಂದುಕೊಂಡೆ. ಹಡಗು ಹತ್ತುವ ಬೆಳಿಗ್ಗೆ ಸೂಯೆಜ್ ಬಂದರಿನಲ್ಲಿ ಅವಳು ನನ್ನನ್ನು ಮೂಲೆಗೆ ಕರೆದು ಲಂಗ ಮೇಲೆತ್ತಿ ಎಡಗಾಲು ತೋರಿಸಿದಳು. "ಅಕ್ಕ, ನಿನ್ನೆಯಿಂದ ಭಾರ ಆಗಿದೆ. ಮಾತ್ರೆ ತಗೊಳ್ಬಹುದಾ?" ಮುಟ್ಟಿ ನೋಡಿದೆ. ಮೀನಖಂಡ ಊದಿತ್ತು, ಬಿಸಿಯಿತ್ತು. ಅದು ಏನೆಂದು ನನಗೆ ಗೊತ್ತಿತ್ತು ರಾವಿಯಾ. ಗೊತ್ತಿರಲಿಲ್ಲ ಎಂದು ಹತ್ತೊಂಬತ್ತು ವರ್ಷ ನನಗೆ ನಾನೇ ಹೇಳಿಕೊಂಡೆ, ಆದರೆ ಗೊತ್ತಿತ್ತು. ಹಜ್‌ಗೆ ಹೋಗುವವರೆಲ್ಲ ಬರೆಸುವ ಹಾಗೆ ಮನೆಯ ಗೋಡೆಯ ಮೇಲೆ ಆಗಲೇ ಹಡಗು, ಕಾಬಾದ ಚಿತ್ರ ಬರೆಸಿಯಾಗಿತ್ತು, ಬೀದಿಯೆಲ್ಲ ಬೀಳ್ಕೊಟ್ಟಿತ್ತು, ನಿನ್ನಪ್ಪ ಸಾಮಾನು ಹೊತ್ತು ಸಾಲಿನಲ್ಲಿ ನಿಂತಿದ್ದರು. ಈಗ ಬೇಡವೆಂದರೆ ನಾನು ಕಾರಣ ಹೇಳಬೇಕಾಗುತ್ತಿತ್ತು, ಪ್ರಶ್ನೆ ಕೇಳದೆ ಕೊಟ್ಟೆ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. "ಹೋಗಿ ಬರ್ತೀನಿ ಅಂತ ಹೇಳೋಕೆ ಹತ್ತು ಮನೆ ಮೆಟ್ಟಿಲು ಹತ್ತಿ ಇಳಿದಿದೀಯಲ್ಲ, ಅದಕ್ಕೇ. ಮಾತ್ರೆ ಬಿಡ್ಬೇಡ" ಎಂದೆ. ಅವಳು ಆ ಕ್ಷಣವೇ ಸಮಾಧಾನವಾದಳು, ಅಕ್ಕ ನರ್ಸ್ ಅಲ್ಲವೇ. ಮಕ್ಕಾದ ಮೆಟ್ಟಿಲ ಮೇಲೆ ಕೂತಲ್ಲೇ ಹೋದಳು ಎಂದು ನಿನ್ನಪ್ಪ ಬಂದು ಹೇಳಿದಾಗ ಅಜ್ಜಿ ಪುಣ್ಯವಂತೆ ಎಂದಳು, ನಾನೂ ಹೌದು ಎಂದೆ.

ಹಜ್‌ಗೆ ಹೊರಡುವವರೆಲ್ಲ ಕೇಳುವಂತೆ ನೀನೂ ಕಾಗದದ ಕೊನೆಯಲ್ಲಿ "ತಿಳಿದೋ ತಿಳಿಯದೆಯೋ ತಪ್ಪು ಮಾಡಿದ್ರೆ ಕ್ಷಮಿಸು ದೊಡ್ಡಮ್ಮ" ಎಂದು ಕೇಳಿದ್ದೀಯ. ಹಡಗಿನ ಏಣಿಯ ಬಳಿ ಅತಿಯಾತ್ ಕೂಡ ನನ್ನನ್ನು ಹಾಗೇ ಕೇಳಿದಳು. ಅವಳ ಕಾಲು ಮುಟ್ಟಿದ ಕೈಯಿಂದಲೇ ತಲೆ ಸವರಿ, "ಕ್ಷಮಿಸಿದೀನಿ, ಹೋಗಿ ಬಾ" ಎಂದೆ. ನಿನಗೆ ಆ ಮಾತು ಹೇಳಲು ನನಗೆ ಬಾಯಿಲ್ಲ.