ಮುಟ್ಟಿದರೆ ತಣ್ಣಗಿದ್ದ ನಳಿಗೆ

ಬಸವಕಲ್ಯಾಣ
೯ ಮೇ ೨೦೦೭

ಹುಮನಾಬಾದಿನ ರೈಫಲ್ ತರಬೇತುದಾರ ಅಜೀಮುದ್ದೀನ್ ಸಾಹೇಬರಿಗೆ ಮಹಾರುದ್ರಪ್ಪನ ನಮಸ್ಕಾರ.

ಕೊನೆಯ ಗುಂಡುಗಳು ಗುರಿ ತಪ್ಪಿದವೆಂದು ನನ್ನ ಮಗಳು ವಿದ್ಯಾವತಿಯನ್ನು ತಂಡದಿಂದ ಕೈಬಿಟ್ಟಿರಿ. ಮನೆಯಲ್ಲಿ ನಾನೂ ಬೈದೆ. “ಅಪ್ಪಾ, ಉಸ್ತಾದರು ನಳಿಗಿ ಮುಟ್ಟಿ ನೋಡಿ, ‘ಠಂಡಾ ಅದ, ಹೊಡಿ ಬೇಟಿ’ ಅಂದ್ರು” ಎಂದಳು.

ಬರೀ ಉಕ್ಕಿನ ನಳಿಗೆಗೆ ಆ ಪರೀಕ್ಷೆ ಸರಿ. ಅವಳ ರೈಫಲ್ಲಿನ ಈ ಹೊಸ ನಳಿಗೆಗೆ ಕಾರ್ಬನ್ ಎಳೆ ಸುತ್ತಿದ್ದಾರೆ. ಒಳಗಿನ ಉಕ್ಕಿನ ಬಿಸಿ ಅದನ್ನು ದಾಟಿ ನಿಮ್ಮ ಕೈಗೆ ತಲುಪುವುದು ತಡವಾಗಿ; ಅಷ್ಟರಲ್ಲಿ ಕಾದ ಉಕ್ಕು ಗುಂಡನ್ನು ಗುರಿಯಿಂದ ಸರಿಸಿರುತ್ತದೆ. ಹೊರಗೆ ತಂಪು, ಒಳಗೆ ಕೆಂಪು. ನಳಿಗೆ ನಿಜಕ್ಕೂ ಕೆಂಪಾಗಿರಲಿಲ್ಲ, ಪ್ರಾಸಕ್ಕೆ ಬೇಕಾಯಿತು.

ದಯವಿಟ್ಟು ಗುಂಡಿಗೂ ಗುಂಡಿಗೂ ನಡುವೆ ಬಿಡುವು ಕೊಟ್ಟು ಇನ್ನೊಮ್ಮೆ ಹೊಡೆಸಿ ನೋಡಿ.

ವಿದ್ಯಾ ಅಳಲಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ, ಮಾತಾಡಿಸಿದರೆ ನಗುತ್ತಾಳೆ. ಆಕೆಗೇನೂ ಆಗಿಲ್ಲವೆಂದು ನಾನೂ ನಾಲ್ಕು ದಿನ ನಂಬಿದ್ದೆ.

ನಿಮ್ಮಷ್ಟೇ ತಪ್ಪಿತಸ್ಥ,
ಮಹಾರುದ್ರಪ್ಪ